ಪಿಎಚ್‌ಪಿಯಲ್ಲಿ ಡೇಟಾಬೇಸ್‌ನ ನಲ್: ದೋಷ ಎಲ್ಲಿ ಹುಟ್ಟಿತೆಂದು ಹಿಡಿಯುವ ಬಗೆ

ಸದಸ್ಯರ ಪಟ್ಟಿಯಲ್ಲಿ ಕೆಲವರ ಹೆಸರೇ ಕಾಣುವುದಿಲ್ಲ. ಹುಟ್ಟಿದ ದಿನ ಕೊಡದವರಿಗೆಲ್ಲ 01-01-1970 ಬಂದು ಕೂತಿದೆ. ಇಮೇಲ್ ಇಲ್ಲದ ಎರಡನೆಯ ಸದಸ್ಯರನ್ನು ಸೇರಿಸಲು ಹೋದರೆ 1062 ಎರರ್. ಸರ್ವರ್ ಅನ್ನು ಪಿಎಚ್‌ಪಿ 8.1ಕ್ಕೆ ಏರಿಸಿದ ಮೇಲೆ ಲಾಗ್ ತುಂಬ 'ಪಾಸಿಂಗ್ ನಲ್ ಟು ಪ್ಯಾರಾಮೀಟರ್' ಎಂಬ ಸಂದೇಶ. ಇವು ನಾಲ್ಕೂ ಬೇರೆ ಬೇರೆ ದೂರುಗಳಾಗಿ ಬರುತ್ತವೆ, ಆದರೆ ಬೇರು ಸಾಮಾನ್ಯವಾಗಿ ಒಂದೇ. ನಲ್ (ಬೆಲೆಯೇ ಇಲ್ಲ ಎಂಬ ಗುರುತು), ಖಾಲಿ ಸ್ಟ್ರಿಂಗ್ (ಒಂದೂ ಅಕ್ಷರವಿಲ್ಲದ ಪಠ್ಯ), ಸೊನ್ನೆ, ಫಾಲ್ಸ್, ಮತ್ತು 'ಆ ಸಾಲೇ ಇಲ್ಲ' ಎಂಬ ಸ್ಥಿತಿ, ಈ ಐದನ್ನು ಪ್ರೋಗ್ರಾಂ ಎಲ್ಲೋ ಒಂದು ಕಡೆ ಕಲಸಿಬಿಟ್ಟಿರುತ್ತದೆ.

ಪುಟದಲ್ಲಿ ತಪ್ಪು ಕಂಡ ಜಾಗದಲ್ಲೇ ತೇಪೆ ಹಾಕಬೇಡಿ. ಒಂದು ಬೆಲೆ ಫಾರ್ಮ್‌ನಿಂದ ಪಿಎಚ್‌ಪಿಗೆ, ಅಲ್ಲಿಂದ ಟೇಬಲ್‌ಗೆ, ಟೇಬಲ್‌ನಿಂದ ಕ್ವೆರಿಯ ಮೂಲಕ ಮತ್ತೆ ಪಿಎಚ್‌ಪಿಗೆ, ಕೊನೆಗೆ ಪುಟಕ್ಕೆ ಹೋಗುತ್ತದೆ. ಯಾವ ದಾಟಿನಲ್ಲಿ ಅದರ ಬಣ್ಣ ಬದಲಾಯಿತು ಎಂಬುದನ್ನು ಮೊದಲು ಹಿಡಿಯಬೇಕು.

ಮುಂದಿನ ಉದಾಹರಣೆಗಳೆಲ್ಲ ಮೈಎಸ್‌ಕ್ಯೂಎಲ್ ಮತ್ತು ಪಿಡಿಒ (ಪಿಎಚ್‌ಪಿಯಿಂದ ಡೇಟಾಬೇಸ್ ಜೊತೆ ಮಾತಾಡುವ ಸಾಧನ) ಜೋಡಿಗೆ ಸಂಬಂಧಿಸಿದವು. 'ಸದಸ್ಯರು' ಎಂಬ ಟೇಬಲ್‌ನಲ್ಲಿ ಐಡಿ, ಹೆಸರು, ಅಡ್ಡಹೆಸರು, ಇಮೇಲ್, ಹುಟ್ಟಿದ_ದಿನ, ಬಾಕಿ, ವರ್ಗ, ಪರಿಚಯಿಸಿದವರು (ಆ ಸದಸ್ಯರನ್ನು ಪರಿಚಯಿಸಿದವರ ಐಡಿ) ಎಂಬ ಕಾಲಂಗಳಿವೆ ಎಂದುಕೊಳ್ಳಿ. ಆಜ್ಞೆಗಳನ್ನು ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ರೂಪವನ್ನೇ ಬಳಸಿ.

ಮೊದಲು, ಅಲ್ಲಿ ಇರುವುದು ನಿಜಕ್ಕೂ ಏನು?

ಪರೀಕ್ಷೆಗೆ ಎಕೋ ಬಳಸಬೇಡಿ, ಪ್ರಿಂಟ್_ಆರ್ ಕೂಡ ಬೇಡ. ನಲ್, ಫಾಲ್ಸ್, ಖಾಲಿ ಸ್ಟ್ರಿಂಗ್ ಮೂರಕ್ಕೂ ಇವು ತೋರಿಸುವುದು ಶೂನ್ಯವನ್ನೇ. ವಾರ್_ಡಂಪ್ ಮಾತ್ರ ಸತ್ಯ ಹೇಳುತ್ತದೆ: ನಲ್ ಇದ್ದರೆ ನಲ್, ಫಾಲ್ಸ್ ಇದ್ದರೆ ಬೂಲ್(ಫಾಲ್ಸ್), ಖಾಲಿ ಸ್ಟ್ರಿಂಗ್ ಇದ್ದರೆ ಸ್ಟ್ರಿಂಗ್(0). ಸ್ಟ್ರಿಂಗ್(4) ಎಂದು ಬಂದು ಪಕ್ಕದಲ್ಲಿ ಉದ್ಧರಣ ಚಿಹ್ನೆಯೊಳಗೆ ನಲ್ ಎಂಬ ಪದ ಕಂಡರೆ, ಯಾರೋ ಆ ನಾಲ್ಕಕ್ಷರದ ಪದವನ್ನೇ ಟೇಬಲ್‌ಗೆ ತುಂಬಿದ್ದಾರೆ ಎಂದರ್ಥ. ಸಿಎಸ್‌ವಿ ಫೈಲ್‌ನಿಂದ ಮಾಹಿತಿ ತಂದ ಕಡೆ ಇದು ಅಪರೂಪವೇನಲ್ಲ.

ಟೇಬಲ್ ಕಡೆಯಿಂದ ಒಂದೇ ಕ್ವೆರಿ ಸಾಕು:

ಸೆಲೆಕ್ಟ್ ಕೌಂಟ್(*), ಕೌಂಟ್(ಇಮೇಲ್), ಸಮ್(ಲೆಂಗ್ತ್(ಇಮೇಲ್) = 0) ಫ್ರಮ್ ಸದಸ್ಯರು;

ಮೊದಲನೆಯದು ಒಟ್ಟು ಸಾಲು, ಎರಡನೆಯದು ನಲ್ ಅಲ್ಲದ ಸಾಲು, ಮೂರನೆಯದು ಖಾಲಿ ಸ್ಟ್ರಿಂಗ್ ಇರುವ ಸಾಲು. ಮೊದಲ ಎರಡು ಸಂಖ್ಯೆ ಸಮನಾಗಿದ್ದರೆ ಆ ಕಾಲಂನಲ್ಲಿ ಒಂದೂ ನಲ್ ಇಲ್ಲ. ನೀವು ನಲ್ ಎಂದುಕೊಂಡದ್ದು ಖಾಲಿ ಸ್ಟ್ರಿಂಗ್. ಎರಡೂ ಬಗೆ ಬೆರೆತಿದ್ದರೆ ಕಾಲಕಾಲಕ್ಕೆ ಬೇರೆ ಬೇರೆ ಕೋಡ್ ಅದೇ ಟೇಬಲ್‌ಗೆ ಬರೆದಿದೆ. ಇಲ್ಲಿ ಲೆಂಗ್ತ್ ಬಳಸಿರುವುದಕ್ಕೆ ಕಾರಣವಿದೆ: ಹಳೆಯ ಕೊಲೇಶನ್‌ಗಳಲ್ಲಿ (ಪಠ್ಯ ಹೋಲಿಸುವ ನಿಯಮಗಳಲ್ಲಿ) ಬರೀ ಸ್ಪೇಸ್ ಇರುವ ಬೆಲೆಯೂ ಖಾಲಿ ಸ್ಟ್ರಿಂಗ್‌ಗೆ ಸಮ ಎಂದು ಬರುತ್ತದೆ, ಲೆಂಗ್ತ್ ಅದನ್ನು 1 ಎಂದು ಬೇರ್ಪಡಿಸಿ ತೋರಿಸುತ್ತದೆ.

ಜೊತೆಗೆ ಶೋ ಕ್ರಿಯೇಟ್ ಟೇಬಲ್ ಓಡಿಸಿ. ಕಾಲಂ 'ನಾಟ್ ನಲ್' ಆಗಿದ್ದೂ ಪಿಎಚ್‌ಪಿಗೆ ನಲ್ ಬರುತ್ತಿದೆ ಎಂದಾದರೆ ಅದು ಟೇಬಲ್‌ನಿಂದ ಬಂದದ್ದಲ್ಲ. ಲೆಫ್ಟ್ ಜಾಯಿನ್ (ಎಡ ಟೇಬಲ್‌ನ ಎಲ್ಲ ಸಾಲು ಉಳಿಸಿಕೊಂಡು ಬಲ ಟೇಬಲ್ ಜೋಡಿಸುವುದು), ಸಮ್‌ನಂಥ ಒಟ್ಟುಗೂಡಿಸುವ ಫಂಕ್ಷನ್, ಅಥವಾ ಪಿಎಚ್‌ಪಿ ಕಡೆಯ ತಪ್ಪು ಕೀ, ಈ ಮೂರರಲ್ಲೇ ಹುಡುಕಿ. ಇಷ್ಟರಿಂದ ಅರ್ಧ ಕೆಲಸ ಮುಗಿಯುತ್ತದೆ.

ಬರೆಯುವಾಗ ಹುಟ್ಟುವ ದೋಷ

ಕ್ವೆರಿಯನ್ನು ಸ್ಟ್ರಿಂಗ್ ಜೋಡಿಸಿ ಕಟ್ಟಿದ್ದರೆ ಬೇರೇನೂ ನೋಡಬೇಕಿಲ್ಲ. '$ಇಮೇಲ್' ಎಂದು ಉದ್ಧರಣ ಚಿಹ್ನೆಯೊಳಗೆ ವೇರಿಯಬಲ್ ಇಟ್ಟಾಗ, ಅದರಲ್ಲಿ ನಲ್ ಇದ್ದರೆ ಕ್ವೆರಿಗೆ ಹೋಗುವುದು ಖಾಲಿ ಸ್ಟ್ರಿಂಗ್. ಇದನ್ನು ಸರಿಮಾಡಲು ಹೋಗಿ ವೇರಿಯಬಲ್‌ಗೆ ನಲ್ ಎಂಬ ಪದವನ್ನೇ ತುಂಬಿದರೆ ಮೇಲೆ ಹೇಳಿದ ಸ್ಟ್ರಿಂಗ್(4) ತಯಾರಾಗುತ್ತದೆ. ಇದಕ್ಕೆ ಮದ್ದು ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಒಂದೇ, ಅಂದರೆ ಬೆಲೆಯ ಜಾಗದಲ್ಲಿ ? ಇಟ್ಟು, ಬೆಲೆಯನ್ನು ಬೇರೆಯಾಗಿ ಕೊಡುವ (ಬೈಂಡ್ ಮಾಡುವ) ಕ್ವೆರಿ. ಪಿಡಿಒದಲ್ಲಿ ಎಕ್ಸಿಕ್ಯೂಟ್‌ಗೆ ಕೊಡುವ ಅರೇಯಲ್ಲಿ ಪಿಎಚ್‌ಪಿಯ ನಲ್ ಇದ್ದರೆ ಡೇಟಾಬೇಸ್‌ಗೆ ನಿಜವಾದ ನಲ್ಲೇ ಹೋಗುತ್ತದೆ. ಇಂಥದೇ ಇನ್ನೊಂದು ಸಾಧನವಾದ ಮೈಎಸ್‌ಕ್ಯೂಎಲ್‌ಐನ ಬೈಂಡ್_ಪ್ಯಾರಾಮ್‌ನಲ್ಲೂ ಹಾಗೆಯೇ, ಟೈಪ್ ಅಕ್ಷರ ಯಾವುದನ್ನು ಕೊಟ್ಟಿದ್ದರೂ.

ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಇದ್ದೂ ನಲ್ ಕಳೆದುಹೋಗುತ್ತಿದ್ದರೆ, ಬೈಂಡ್ ಮಾಡುವ ಮುನ್ನಿನ ಸಾಲುಗಳನ್ನು ನೋಡಿ. (ಇಂಟ್) ಎಂದು ಕಾಸ್ಟ್ ಮಾಡಿದರೆ ನಲ್ ಸೊನ್ನೆಯಾಗುತ್ತದೆ, (ಸ್ಟ್ರಿಂಗ್) ಮಾಡಿದರೆ ಖಾಲಿ ಸ್ಟ್ರಿಂಗ್. ಟ್ರಿಮ್‌ನಿಂದ ಹೊರಬಂದದ್ದು ಯಾವತ್ತೂ ಸ್ಟ್ರಿಂಗೇ. 'ಸುರಕ್ಷಿತವಾಗಿರಲಿ' ಎಂದು ಎಲ್ಲಕ್ಕೂ ಇಂಟ್‌ವಾಲ್ ಸುತ್ತುವ ಅಭ್ಯಾಸದಿಂದಲೇ 'ಬಾಕಿ ಗೊತ್ತಿಲ್ಲ' ಎಂಬುದು 'ಬಾಕಿ ಸೊನ್ನೆ' ಆಗುತ್ತದೆ. ಒಮ್ಮೆ ಹಾಗೆ ಬರೆದಾದ ಮೇಲೆ ಯಾವ ಕ್ವೆರಿಯೂ ಅವೆರಡನ್ನು ಬೇರ್ಪಡಿಸಲಾರದು, ಬ್ಯಾಕಪ್ ತೆಗೆದು ನೋಡುವುದೊಂದೇ ದಾರಿ.

ಫಾರ್ಮ್ ಕಡೆಯಿಂದ ನಲ್ ಎಂದೂ ಬರುವುದಿಲ್ಲ. ತುಂಬದೆ ಬಿಟ್ಟ ಪಠ್ಯದ ಪೆಟ್ಟಿಗೆ ಖಾಲಿ ಸ್ಟ್ರಿಂಗ್ ಆಗಿ ಬರುತ್ತದೆ. ಟಿಕ್ ಮಾಡದ ಚೆಕ್‌ಬಾಕ್ಸ್ ಬರುವುದೇ ಇಲ್ಲ, ಅದರ ಕೀ ಕೂಡ ಪೋಸ್ಟ್ ಅರೇಯಲ್ಲಿ ಇರುವುದಿಲ್ಲ. ಖಾಲಿಯನ್ನು ನಲ್ ಮಾಡುವ ಕೆಲಸ ನಿಮ್ಮದೇ, ಅದು ಒಂದೇ ಜಾಗದಲ್ಲಿ ನಡೆಯಲಿ:

ಫಂಕ್ಷನ್ ಖಾಲಿಯಾದರೆ_ನಲ್(?ಸ್ಟ್ರಿಂಗ್ $ಬಂದದ್ದು): ?ಸ್ಟ್ರಿಂಗ್ {
  $ಬಂದದ್ದು = ಟ್ರಿಮ್($ಬಂದದ್ದು ?? '');
  ರಿಟರ್ನ್ $ಬಂದದ್ದು === '' ? ನಲ್ : $ಬಂದದ್ದು;
}

ಇಲ್ಲಿ ಎಂಪ್ಟಿ ಅಥವಾ ?: ಚಿಹ್ನೆ ಬಳಸುವ ಆಸೆ ಬರುತ್ತದೆ, ಬೇಡ. '0' ಎಂಬ ಸ್ಟ್ರಿಂಗ್ ಕೂಡ ಅವೆರಡರ ಕಣ್ಣಿಗೆ ಖಾಲಿಯೇ. ಬಾಕಿ ಸೊನ್ನೆ ಎಂದು ಬೇಕೆಂದೇ ಟೈಪ್ ಮಾಡಿದವರ ಉತ್ತರ ನಲ್ ಆಗಿಹೋಗುತ್ತದೆ.

ಲಾರಾವೆಲ್ ಎಂಬ ಪಿಎಚ್‌ಪಿ ಫ್ರೇಮ್‌ವರ್ಕ್ ಬಳಸುವವರಿಗೆ 5.4ನೆಯ ಆವೃತ್ತಿಯಿಂದ ಖಾಲಿ ಸ್ಟ್ರಿಂಗ್ ಅನ್ನು ನಲ್ ಮಾಡುವ ಮಿಡಲ್‌ವೇರ್ ತಾನಾಗಿಯೇ ಇರುತ್ತದೆ. ಹಾಗಾಗಿ ಅವರ ದೂರು ತಿರುಗಾಮುರುಗಾ: ಖಾಲಿ ಬಿಟ್ಟರೆ 1048, ಅಂದರೆ 'ಈ ಕಾಲಂ ನಲ್ ಆಗುವಂತಿಲ್ಲ'. ಅಲ್ಲಿ ಸರಿಪಡಿಸಬೇಕಾದದ್ದು ಕಾಲಂನ ವ್ಯಾಖ್ಯೆ, ಇಲ್ಲವೇ ಫಾರ್ಮ್‌ನ ಕಡ್ಡಾಯ ನಿಯಮ.

'ಹಳೆಯ ಸರ್ವರ್‌ನಲ್ಲಿ ನಡೆಯುತ್ತಿತ್ತು, ಹೊಸದರಲ್ಲಿ 1366 ಬರುತ್ತಿದೆ' ಎನ್ನುವ ದೂರಿಗೆ ಕಾರಣ ಸ್ಟ್ರಿಕ್ಟ್ ಮೋಡ್, ಅಂದರೆ ಕಾಲಂಗೆ ಹೊಂದದ ಬೆಲೆ ಬಂದರೆ ಒಪ್ಪದೆ ಎರರ್ ಕೊಡುವ ಸೆಟ್ಟಿಂಗ್. ಮೈಎಸ್‌ಕ್ಯೂಎಲ್ 5.7ರಿಂದ ಅದು ಡೀಫಾಲ್ಟ್ ಆಗಿಯೇ ಚಾಲೂ ಇರುತ್ತದೆ. ಮೊದಲು ಅಂಕಿಯ ಕಾಲಂಗೆ ಖಾಲಿ ಸ್ಟ್ರಿಂಗ್ ಕೊಟ್ಟರೆ ಸದ್ದಿಲ್ಲದೆ 0, ದಿನಾಂಕದ ಕಾಲಂಗೆ ಕೊಟ್ಟರೆ 0000-00-00 ಆಗುತ್ತಿತ್ತು. ಈಗ ಕ್ರಮವಾಗಿ 1366 ಮತ್ತು 1292 ಎರರ್ ಬರುತ್ತದೆ. ಸ್ಟ್ರಿಕ್ಟ್ ಮೋಡ್ ಆಫ್ ಮಾಡಿಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಎರರ್ ಅನ್ನು ಅಡಗಿಸುತ್ತದೆ, ಟೇಬಲ್ ಕೆಡುವುದನ್ನು ತಡೆಯುವುದಿಲ್ಲ. ಮೇಲಿನ ಫಂಕ್ಷನ್ ಹಾಕಿ, ಮೋಡ್ ಹಾಗೇ ಇರಲಿ.

ಇನ್ನು 1062. ಇಮೇಲ್ ಕಾಲಂಗೆ ಯುನೀಕ್ ಇಂಡೆಕ್ಸ್ (ಒಂದೇ ಬೆಲೆ ಎರಡು ಸಲ ಬರಬಾರದೆಂಬ ನಿಯಮ) ಇದ್ದಾಗ ಖಾಲಿ ಸ್ಟ್ರಿಂಗ್ ಕೂಡ ಒಂದು ಬೆಲೆ. ಒಬ್ಬರಿಗೆ ಮಾತ್ರ ಸಿಗುತ್ತದೆ. ನಲ್ ಆದರೆ ಮೈಎಸ್‌ಕ್ಯೂಎಲ್ ಎಷ್ಟು ಬೇಕಾದರೂ ಬಿಡುತ್ತದೆ. ಎರರ್ ಸಂದೇಶದಲ್ಲಿ 'ಡೂಪ್ಲಿಕೇಟ್ ಎಂಟ್ರಿ' ಆದ ಮೇಲೆ ಉದ್ಧರಣ ಚಿಹ್ನೆಗಳ ನಡುವೆ ಏನೂ ಇಲ್ಲದಿದ್ದರೆ ಇದೇ ಕಾರಣ. ಬ್ಯಾಕಪ್ ತೆಗೆದುಕೊಂಡು, ಕಾಲಂ ಅನ್ನು ನಲ್ ಒಪ್ಪುವಂತೆ ಬದಲಿಸಿ, ಆಮೇಲೆ:

ಅಪ್‌ಡೇಟ್ ಸದಸ್ಯರು ಸೆಟ್ ಇಮೇಲ್ = ನಲ್ ವೇರ್ ಇಮೇಲ್ = '';

ಈ ಸಾಲನ್ನೇ ನಕಲು ಮಾಡಿ 'ಬಾಕಿ' ಕಾಲಂಗೆ ಓಡಿಸಬೇಡಿ. ಅಂಕಿಯ ಕಾಲಂ ಅನ್ನು ಖಾಲಿ ಸ್ಟ್ರಿಂಗ್‌ಗೆ ಹೋಲಿಸಿದಾಗ ಮೈಎಸ್‌ಕ್ಯೂಎಲ್ ಆ ಸ್ಟ್ರಿಂಗ್ ಅನ್ನು ಸೊನ್ನೆ ಎಂದು ಓದುತ್ತದೆ. ನಿಜವಾಗಿ ಸೊನ್ನೆ ಬಾಕಿ ಇರುವ ಎಲ್ಲ ಸಾಲುಗಳೂ ಸಿಕ್ಕಿಬೀಳುತ್ತವೆ. ಶುದ್ಧಮಾಡಿದ ಮೇಲೆ ಖಾಲಿ ಸ್ಟ್ರಿಂಗ್ ಮತ್ತೆ ನುಸುಳದಿರಲು ಚೆಕ್ (ಇಮೇಲ್ <> '') ಎಂಬ ನಿರ್ಬಂಧ ಹಾಕಬಹುದು. ಚೆಕ್ ನಲ್ ಅನ್ನು ತಡೆಯುವುದಿಲ್ಲ, ಇಲ್ಲಿ ನಮಗೆ ಬೇಕಾದದ್ದೂ ಅದೇ. ಮೈಎಸ್‌ಕ್ಯೂಎಲ್ 8.0.16ಕ್ಕಿಂತ ಹಿಂದಿನವು ಚೆಕ್ ಬರೆದರೆ ಓದಿ ಸುಮ್ಮನಾಗುತ್ತಿದ್ದವು, ಜಾರಿ ಮಾಡುತ್ತಿರಲಿಲ್ಲ.

ಕ್ವೆರಿಯೊಳಗೆ ಮಾಯವಾಗುವ ಸಾಲುಗಳು

ಎಸ್‌ಕ್ಯೂಎಲ್‌ನಲ್ಲಿ ನಲ್ ಎಂದರೆ 'ಗೊತ್ತಿಲ್ಲ'. ಗೊತ್ತಿಲ್ಲದ್ದನ್ನು ಯಾವುದರ ಜೊತೆ ಹೋಲಿಸಿದರೂ ಉತ್ತರ ಗೊತ್ತಿಲ್ಲ ಎಂದೇ. ವೇರ್ ಎಂಬುದು ಖಚಿತವಾಗಿ ನಿಜವಾದ ಸಾಲನ್ನಷ್ಟೇ ಬಿಡುತ್ತದೆ. ಉಳಿದದ್ದೆಲ್ಲ ಇದರಿಂದಲೇ ಹೊರಡುತ್ತದೆ.

'ಇಮೇಲ್ = ನಲ್' ಬರೆದರೆ ಒಂದೂ ಸಾಲು ಬರುವುದಿಲ್ಲ, 'ಇಸ್ ನಲ್' ಬೇಕು. ಇದು ಬಹುತೇಕರಿಗೆ ಗೊತ್ತು. ಆದರೆ ಅದೇ ತಪ್ಪು ಪ್ರಶ್ನಾರ್ಥಕ ಚಿಹ್ನೆಯ ಮರೆಯಲ್ಲಿ ಅಡಗಿರುತ್ತದೆ: 'ವೇರ್ ಇಮೇಲ್ = ?' ಎಂದು ಬರೆದು ನಲ್ ಬೈಂಡ್ ಮಾಡಿದರೂ ಫಲ ಅದೇ, ಎರರ್ ಕೂಡ ಬರುವುದಿಲ್ಲ. ಬೆಲೆ ಇರಬಹುದು ಅಥವಾ ನಲ್ ಇರಬಹುದು ಎಂಬ ಕಡೆ ಮೈಎಸ್‌ಕ್ಯೂಎಲ್‌ನ <=> ಚಿಹ್ನೆ ಬಳಸಿ; ಎರಡೂ ನಲ್ ಆಗಿದ್ದರೆ ಅದು ನಿಜ ಎನ್ನುತ್ತದೆ. ಇದು ಮೈಎಸ್‌ಕ್ಯೂಎಲ್‌ನ ಸ್ವಂತ ಚಿಹ್ನೆ. ಪೋಸ್ಟ್‌ಗ್ರೆಸ್‌ನಲ್ಲಿ ಇದೇ ಕೆಲಸಕ್ಕೆ 'ಇಸ್ ನಾಟ್ ಡಿಸ್ಟಿಂಕ್ಟ್ ಫ್ರಮ್' ಇದೆ.

'ವರ್ಗ <> "ಆಜೀವ"' ಎಂಬ ಷರತ್ತಿನಿಂದ ಆಜೀವ ಸದಸ್ಯರ ಜೊತೆಗೆ ವರ್ಗವೇ ನಮೂದಾಗದವರೂ ಬಿಟ್ಟುಹೋಗುತ್ತಾರೆ. ಒಟ್ಟು ಲೆಕ್ಕ ತಾಳೆಯಾಗದಿದ್ದಾಗ ಮೊದಲು ನೋಡಬೇಕಾದದ್ದು ಇದನ್ನೇ.

ಎಲ್ಲಕ್ಕಿಂತ ತಲೆ ತಿನ್ನುವುದು ನಾಟ್ ಇನ್. 'ಯಾರನ್ನೂ ಪರಿಚಯಿಸದ ಸದಸ್ಯರು ಯಾರು?' ಎಂದು ಕೇಳಲು, ಐಡಿ ನಾಟ್ ಇನ್ (ಸೆಲೆಕ್ಟ್ ಪರಿಚಯಿಸಿದವರು ಫ್ರಮ್ ಸದಸ್ಯರು) ಎಂದು ಬರೆದಿರುತ್ತಾರೆ. ಒಳಗಿನ ಪಟ್ಟಿಯಲ್ಲಿ ಒಂದೇ ಒಂದು ನಲ್ ಇದ್ದರೂ ಇಡೀ ಕ್ವೆರಿಗೆ ಸೊನ್ನೆ ಸಾಲು. 'ಐಡಿ 7, ಆ ಗೊತ್ತಿಲ್ಲದ ಬೆಲೆಗೆ ಸಮ ಅಲ್ಲ' ಎಂದು ಖಚಿತವಾಗಿ ಹೇಳಲು ಡೇಟಾಬೇಸ್‌ಗೆ ಸಾಧ್ಯವಿಲ್ಲ, ಆದ್ದರಿಂದ ಯಾರನ್ನೂ ಬಿಡುವುದಿಲ್ಲ. ಪರೀಕ್ಷೆಯ ಮಾಹಿತಿಯಲ್ಲಿ ನಲ್ ಇಲ್ಲದಿರುವುದರಿಂದ ಅಲ್ಲಿ ಸರಿಯಾಗಿ ಓಡಿ, ನಿಜವಾದ ಸರ್ವರ್‌ನಲ್ಲಿ ಕೈಕೊಡುವ ಕ್ವೆರಿ ಇದು. ನಾಟ್ ಎಕ್ಸಿಸ್ಟ್ಸ್ ಬಳಸಿ. ಅಥವಾ ಒಳಗಿನ ಕ್ವೆರಿಗೆ 'ಇಸ್ ನಾಟ್ ನಲ್' ಸೇರಿಸಿ.

ಮೊದಲು ಹೇಳಿದ 'ಹೆಸರೇ ಕಾಣುವುದಿಲ್ಲ' ಎಂಬ ದೂರು ನಮ್ಮಲ್ಲಿ ಹೆಚ್ಚು. ಅಡ್ಡಹೆಸರೇ ಇಲ್ಲದವರು, ತಂದೆಯ ಅಥವಾ ಊರಿನ ಹೆಸರಿನ ಒಂದಕ್ಷರವನ್ನಷ್ಟೇ ಹಾಕುವವರು ಕರ್ನಾಟಕದಲ್ಲಿ ಲೆಕ್ಕವಿಲ್ಲದಷ್ಟು. ಎರಡು ಭಾಗದ ಹೆಸರನ್ನು ನಿರೀಕ್ಷಿಸುವ ಟೇಬಲ್‌ನಲ್ಲಿ ಅವರ ಎರಡನೆಯ ಭಾಗ ನಲ್. ಕಾನ್‌ಕ್ಯಾಟ್‌ಗೆ ಕೊಟ್ಟ ಯಾವ ಭಾಗ ನಲ್ ಆಗಿದ್ದರೂ ಮೈಎಸ್‌ಕ್ಯೂಎಲ್‌ನಲ್ಲಿ ಇಡೀ ಫಲ ನಲ್, ಆದ್ದರಿಂದ ಮೊದಲ ಹೆಸರೂ ಹೋಗುತ್ತದೆ. ಕಾನ್‌ಕ್ಯಾಟ್_ಡಬ್ಲ್ಯುಎಸ್(' ', ಹೆಸರು, ಅಡ್ಡಹೆಸರು) ಎಂದು ಬರೆದರೆ ನಲ್ ಭಾಗವನ್ನು ಬಿಟ್ಟು ಉಳಿದದ್ದನ್ನು ಜೋಡಿಸುತ್ತದೆ, ಹೆಚ್ಚುವರಿ ಸ್ಪೇಸ್ ಕೂಡ ಬೀಳುವುದಿಲ್ಲ. ಖಾಲಿ ಸ್ಟ್ರಿಂಗ್ ಅನ್ನು ಮಾತ್ರ ಅದು ಬಿಡುವುದಿಲ್ಲ, ಕೊನೆಯಲ್ಲಿ ಸ್ಪೇಸ್ ಉಳಿಯುತ್ತದೆ. ಅಡ್ಡಹೆಸರನ್ನು ಕಡ್ಡಾಯ ಮಾಡಿ, ಜನ ಅಲ್ಲಿ ಚುಕ್ಕೆ ಒತ್ತಿ ಮುಂದೆ ಹೋಗುವಂತೆ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ.

ಒಂದೂ ಸಾಲು ಸಿಗದಿದ್ದರೆ ಸಮ್ ಸೊನ್ನೆ ಕೊಡುವುದಿಲ್ಲ, ನಲ್ ಕೊಡುತ್ತದೆ; ಕೋಅಲೆಸ್(ಸಮ್(ಬಾಕಿ), 0) ಎಂದು ಬರೆಯಿರಿ. ಸರಾಸರಿಗೆ ಮಾತ್ರ ಇದೇ ಸೂತ್ರವನ್ನು ಯಾಂತ್ರಿಕವಾಗಿ ಹಾಕಬೇಡಿ. ಎವಿಜಿ ನಲ್ ಸಾಲುಗಳನ್ನು ಬಿಟ್ಟು ಲೆಕ್ಕ ಹಾಕುತ್ತದೆ. ಒಳಗೆ ಕೋಅಲೆಸ್ ಇಟ್ಟರೆ ಉತ್ತರಿಸದವರೆಲ್ಲ ಸೊನ್ನೆ ಕೊಟ್ಟಂತೆ ಆಗಿ ಸರಾಸರಿ ಕುಸಿಯುತ್ತದೆ. ಲೆಫ್ಟ್ ಜಾಯಿನ್‌ನಲ್ಲಿ ಬಲಗಡೆಯ ಟೇಬಲ್‌ನ ಷರತ್ತನ್ನು ವೇರ್‌ನಲ್ಲಿ ಇಟ್ಟರೆ ಹೊಂದಿಕೆ ಸಿಗದ ಸಾಲುಗಳು ಉದುರಿಹೋಗುತ್ತವೆ. ಷರತ್ತು ಆನ್ ಭಾಗಕ್ಕೆ ಹೋಗಬೇಕು.

ಓದುವಾಗ, ತೋರಿಸುವಾಗ

ಫೆಚ್‌ಕಾಲಂ ಫಾಲ್ಸ್ ಕೊಟ್ಟರೆ ಸಾಲೇ ಇಲ್ಲ. ನಲ್ ಕೊಟ್ಟರೆ ಸಾಲಿದೆ, ಬೆಲೆ ನಲ್. 'ಇಫ್ (!$ಫಲ)' ಎಂಬ ಒಂದು ಪರೀಕ್ಷೆ ಇವೆರಡನ್ನೂ, ಜೊತೆಗೆ ಸೊನ್ನೆಯನ್ನೂ ಒಂದೇ ಗಂಟಿಗೆ ಕಟ್ಟುತ್ತದೆ. === ಬಳಸಿ ಬೇರೆ ಬೇರೆಯಾಗಿ ಕೇಳಿ. ಪಿಡಿಒದ ಫೆಚ್ ಸಾಲು ಸಿಗದಿದ್ದರೆ ಫಾಲ್ಸ್ ಕೊಡುತ್ತದೆ, ಮೈಎಸ್‌ಕ್ಯೂಎಲ್‌ಐನ ಫೆಚ್_ಅಸೋಕ್ ನಲ್ ಕೊಡುತ್ತದೆ. ಒಂದರಿಂದ ಇನ್ನೊಂದಕ್ಕೆ ಕೋಡ್ ಸಾಗಿಸಿದಾಗ ಲೂಪ್‌ಗಳು ಸರಿಯಿದ್ದು ಇಂಥ ಪರೀಕ್ಷೆಗಳು ಮುರಿಯುವುದು ಇದರಿಂದ. 'ಟ್ರೈಯಿಂಗ್ ಟು ಆಕ್ಸೆಸ್ ಅರೇ ಆಫ್‌ಸೆಟ್' ಎಂಬ ವಾರ್ನಿಂಗ್ ಬಂದರೆ ಕಾಲಂ ನೋಡಬೇಡಿ, ಸಾಲು ಸಿಕ್ಕಿತೇ ಎಂದು ನೋಡಿ.

ಇಸ್‌ಸೆಟ್, ಕೀ ಇಲ್ಲದಿದ್ದರೂ ಫಾಲ್ಸ್, ಕೀ ಇದ್ದು ಬೆಲೆ ನಲ್ ಆಗಿದ್ದರೂ ಫಾಲ್ಸ್. ಕೀ ಇದೆಯೇ ಎಂದಷ್ಟೇ ತಿಳಿಯಲು ಅರೇ_ಕೀ_ಎಕ್ಸಿಸ್ಟ್ಸ್. ಪಿಎಚ್‌ಪಿ 7.0ರಲ್ಲಿ ಬಂದ, ಎಡಗಡೆಯದು ನಲ್ ಆದರೆ ಬಲಗಡೆಯದನ್ನು ಕೊಡುವ ?? ಚಿಹ್ನೆಯೂ ಇಸ್‌ಸೆಟ್‌ನ ಗುಣವನ್ನೇ ಹೊತ್ತಿದೆ, ಅದರ ಅಪಾಯವೂ ಅಲ್ಲೇ: ಕಾಲಂ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ $ಸಾಲು['ಇಮೆಲ್'] ?? '' ಸುಮ್ಮನೆ ಖಾಲಿ ಕೊಡುತ್ತದೆ. ಅದಿಲ್ಲದಿದ್ದರೆ 'ಅನ್‌ಡಿಫೈನ್ಡ್ ಅರೇ ಕೀ' ಎಂದು ಪಿಎಚ್‌ಪಿ 8 ಕೂಗಿ ಹೇಳುತ್ತಿತ್ತು. ದೋಷ ಹುಡುಕುವ ಹೊತ್ತಿಗೆ ಸಂಶಯ ಬಂದ ಸಾಲಿನ ?? ತೆಗೆದು ಒಮ್ಮೆ ಓಡಿಸಿ.

ಹೋಲಿಕೆಯ ಬಲೆಗಳು ಇನ್ನೊಂದಿಷ್ಟು. == ಪ್ರಕಾರ ನಲ್ ಎಂಬುದು 0ಗೆ ಸಮ, ಖಾಲಿ ಸ್ಟ್ರಿಂಗ್‌ಗೆ ಸಮ, ಆದರೆ '0' ಎಂಬ ಸ್ಟ್ರಿಂಗ್‌ಗೆ ಸಮ ಅಲ್ಲ. ಪಿಎಚ್‌ಪಿ 8.1ಕ್ಕೆ ಮೊದಲು ಪಿಡಿಒ ತನ್ನ ಡೀಫಾಲ್ಟ್ ಎಮ್ಯುಲೇಟೆಡ್ ಪ್ರಿಪೇರ್‌ನಲ್ಲಿ (ಕ್ವೆರಿಗೆ ಬೆಲೆಗಳನ್ನು ಪಿಡಿಒ ತಾನೇ ತುಂಬುವ ಕ್ರಮದಲ್ಲಿ) ಅಂಕಿಗಳನ್ನು ಸ್ಟ್ರಿಂಗ್ ಆಗಿ ಕೊಡುತ್ತಿತ್ತು, 8.1ರಿಂದ ಅಂಕಿಯಾಗಿಯೇ ಕೊಡುತ್ತದೆ. ಆದ್ದರಿಂದ ಸಡಿಲ ಹೋಲಿಕೆಯ ಹಳೆಯ ಕೋಡ್ ಆವೃತ್ತಿ ಬದಲಾದಾಗ ಬೇರೆ ಉತ್ತರ ಕೊಡಬಹುದು. ಸ್ವಿಚ್ ಕೂಡ ಒಳಗೊಳಗೆ == ಬಳಸುತ್ತದೆ. ಮ್ಯಾಚ್ ಹಾಗಲ್ಲ, ಅದರದು ===.

ದಿನಾಂಕದ ತಪ್ಪುಗಳು ತಮ್ಮ ವಿಳಾಸ ತಾವೇ ಹೇಳುತ್ತವೆ. ಪುಟದಲ್ಲಿ 01-01-1970 ಕಂಡರೆ ಸ್ಟ್ರ್‌ಟುಟೈಮ್‌ಗೆ ಖಾಲಿ ಅಥವಾ ನಲ್ ಹೋಗಿ ಫಾಲ್ಸ್ ಬಂದು, ಡೇಟ್ ಅದನ್ನು ಸೊನ್ನೆ ಎಂದುಕೊಂಡಿದೆ. ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಆಗಿದ್ದರೆ ಜೊತೆಗೆ ಬೆಳಗಿನ 05:30 ಎಂಬ ಸಮಯವೂ ಇರುತ್ತದೆ. ಇವತ್ತಿನ ದಿನಾಂಕ ಕಂಡರೆ ನಲ್ ನೇರವಾಗಿ ಹೋಗಿದೆ: ಡೇಟ್‌ಟೈಮ್‌ಗೆ ನಲ್ ಕೊಟ್ಟರೆ 'ಈಗ' ಎಂದರ್ಥ, ಪಿಎಚ್‌ಪಿ 8ರಿಂದ ಡೇಟ್‌ನ ಎರಡನೆಯ ಪ್ಯಾರಾಮೀಟರ್‌ಗೆ ನಲ್ ಕೊಟ್ಟರೂ ಹಾಗೆಯೇ. ಅದೇ ಸಾಲು ಪಿಎಚ್‌ಪಿ 7ರಲ್ಲಿ 1970 ತೋರಿಸುತ್ತಿತ್ತು. ಇವತ್ತಿನ ದಿನಾಂಕ ಬರುವುದು ಹೆಚ್ಚು ಅಪಾಯ, ಏಕೆಂದರೆ ನೋಡಿದವರಿಗೆ ಸಂಶಯವೇ ಬರುವುದಿಲ್ಲ. ಇನ್ನು ನವೆಂಬರ್ 30, ವರ್ಷ -0001 ಎಂಬ ವಿಚಿತ್ರ ಕಂಡರೆ ಟೇಬಲ್‌ನಲ್ಲಿ 0000-00-00 ಕೂತಿದೆ, ಅಂದರೆ ಸ್ಟ್ರಿಕ್ಟ್ ಮೋಡ್ ಇಲ್ಲದ ಕಾಲದ ಮಾಹಿತಿ. ಮೂರಕ್ಕೂ ಪುಟದ ಕಡೆಯ ಪರಿಹಾರ ಒಂದೇ: ದಿನಾಂಕ ರೂಪಿಸುವ ಮುನ್ನ ಬೆಲೆ ನಲ್, ಖಾಲಿ ಸ್ಟ್ರಿಂಗ್ ಅಥವಾ '0000-00-00' ಆಗಿದೆಯೇ ಎಂದು === ಬಳಸಿ ಕೇಳಿ, ಹೌದಾದರೆ ಒಂದು ಗೆರೆಯನ್ನೋ 'ನಮೂದಾಗಿಲ್ಲ' ಎಂದೋ ತೋರಿಸಿ.

8.1ರ ಡೆಪ್ರಿಕೇಟೆಡ್ ('ಈ ಬಳಕೆ ಮುಂದೆ ನಡೆಯದು' ಎಂಬ) ಸಂದೇಶಗಳ ವಿಷಯ. ನವೆಂಬರ್ 2021ರಲ್ಲಿ ಬಂದ ಆ ಆವೃತ್ತಿಯಿಂದ, ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್, ಟ್ರಿಮ್, ಸ್ಟ್ರ್‌ಲೆನ್, ನಂಬರ್_ಫಾರ್ಮ್ಯಾಟ್ ಮುಂತಾದ ಪಿಎಚ್‌ಪಿಯ ಸ್ವಂತ ಫಂಕ್ಷನ್‌ಗಳಿಗೆ ನಲ್ ಒಪ್ಪದ ಜಾಗದಲ್ಲಿ ನಲ್ ಕೊಟ್ಟರೆ ಎಚ್ಚರಿಕೆ ಬರುತ್ತದೆ. ಕೆಲಸ ಸದ್ಯಕ್ಕೆ ನಡೆಯುತ್ತದೆ, ಮುಂದೆ ಇದನ್ನು ಟೈಪ್‌ಎರರ್ ಮಾಡುವ ಉದ್ದೇಶವಿದೆ. ನೀವೇ ಬರೆದ, 'ಸ್ಟ್ರಿಂಗ್' ಎಂದು ಟೈಪ್ ಹಾಕಿದ ಫಂಕ್ಷನ್‌ಗೆ ನಲ್ ಕೊಟ್ಟರೆ ಈಗಲೇ ಟೈಪ್‌ಎರರ್ ಬಂದು ಪುಟ ನಿಲ್ಲುತ್ತದೆ. ಲಾಗ್‌ನಲ್ಲಿ ಸಾವಿರ ಸಾಲಿದ್ದರೂ ಹೆದರಬೇಕಿಲ್ಲ: ಫೈಲ್ ಹೆಸರು ಮತ್ತು ಸಾಲು ಸಂಖ್ಯೆಯ ಮೇಲೆ ಗುಂಪು ಮಾಡಿ ನೋಡಿ, ಲೂಪ್‌ನೊಳಗಿನ ಕೆಲವೇ ಜಾಗಗಳು ಉಳಿಯುತ್ತವೆ. ಪುಟದಲ್ಲಿ ಪಠ್ಯ ಮುದ್ರಿಸುವ ಕಡೆ ?ಸ್ಟ್ರಿಂಗ್ ಸ್ವೀಕರಿಸುವ ಒಂದು ಪುಟ್ಟ ಫಂಕ್ಷನ್ ಮಾಡಿ, ಅದರೊಳಗೆ ಮಾತ್ರ ?? '' ಇಡಿ. ಪ್ರಾಜೆಕ್ಟ್ ಪೂರ್ತಿ ಹುಡುಕಿ-ಬದಲಿಸಿ ?? '' ಬಿತ್ತುವುದು ಲಾಗ್ ಅನ್ನು ಶಾಂತಗೊಳಿಸುತ್ತದೆ ನಿಜ. ಆದರೆ ಬರೆಯುವ ದಾರಿಯಲ್ಲೂ ಅದು ಬಿದ್ದು, ನಲ್ ಮತ್ತೆ ಖಾಲಿ ಸ್ಟ್ರಿಂಗ್ ಆಗಿ ಟೇಬಲ್ ಸೇರುತ್ತದೆ. 1062 ಮರಳಿ ಬರುವುದು ಹೀಗೆ.

ಎಲ್ಲ ಕಡೆ ಸರಿಯಿದ್ದೂ ಪಿಎಚ್‌ಪಿಗೆ ನಲ್ ಬರುತ್ತಲೇ ಇಲ್ಲ ಎಂದಾದರೆ ಪಿಡಿಒ ಸಂಪರ್ಕದ ಸೆಟ್ಟಿಂಗ್‌ಗಳಲ್ಲಿ ಎಟಿಟಿಆರ್_ಒರಾಕಲ್_ನಲ್ಸ್ ಹುಡುಕಿ. ಹೆಸರಿನಲ್ಲಿ ಒರಾಕಲ್ ಇದ್ದರೂ ಎಲ್ಲ ಡೇಟಾಬೇಸ್‌ಗೂ ಅದು ಅನ್ವಯ. ಅದಕ್ಕೆ ನಲ್_ಟು_ಸ್ಟ್ರಿಂಗ್ ಕೊಟ್ಟಿದ್ದರೆ ಓದುವ ಪ್ರತಿ ನಲ್ ಖಾಲಿ ಸ್ಟ್ರಿಂಗ್ ಆಗುತ್ತದೆ, ನಲ್_ಎಂಪ್ಟಿ_ಸ್ಟ್ರಿಂಗ್ ಕೊಟ್ಟಿದ್ದರೆ ಖಾಲಿ ಸ್ಟ್ರಿಂಗ್ ನಲ್ ಆಗುತ್ತದೆ. ಡೀಫಾಲ್ಟ್ ಆದ ನಲ್_ನ್ಯಾಚುರಲ್‌ಗೆ ಹಿಂತಿರುಗಿಸಿ.

ಸಿಎಸ್‌ವಿ ಮೂಲಕ ಹೋಗಿಬರುವ ಮಾಹಿತಿಗೆ ಪ್ರತ್ಯೇಕ ಎಚ್ಚರ ಬೇಕು. ಎಫ್‌ಪುಟ್‌ಸಿಎಸ್‌ವಿ ನಲ್ ಮತ್ತು ಖಾಲಿ ಸ್ಟ್ರಿಂಗ್ ಎರಡನ್ನೂ ಖಾಲಿಯಾಗಿಯೇ ಬರೆಯುತ್ತದೆ, ಹೊರಗೆ ಹೋದ ಮೇಲೆ ವ್ಯತ್ಯಾಸ ಉಳಿಯುವುದಿಲ್ಲ. ಲೋಡ್ ಡೇಟಾ ಆಜ್ಞೆಯಲ್ಲಿ ಖಾಲಿ ಜಾಗ ಎಂದರೆ ಖಾಲಿ ಸ್ಟ್ರಿಂಗ್. ನಲ್ ಬೇಕಿದ್ದರೆ ಫೈಲ್‌ನಲ್ಲಿ \ ಜೊತೆಗೆ ದೊಡ್ಡಕ್ಷರದ ಎನ್ ಇರಬೇಕು. ಫೈಲ್ ತಿದ್ದಲಾಗದಿದ್ದರೆ ಕಾಲಂ ಅನ್ನು ಮೊದಲು ಒಂದು ವೇರಿಯಬಲ್‌ಗೆ ಓದಿ, ಆಜ್ಞೆಯ ಕೊನೆಯಲ್ಲಿ ಹೀಗೆ ಸೇರಿಸಿ:

ಸೆಟ್ ಇಮೇಲ್ = ನಲ್‌ಇಫ್(ಟ್ರಿಮ್(@ಇಮೇಲ್), '')